ದೋಷಮುಕ್ತನಾದವನಿಗೆ ಪರಿಹಾರವೆಲ್ಲಿ?

ನ್ಯಾಯಾಲಯವು ಆರೋಪಿಯೊಬ್ಬನನ್ನು ನಿರ್ದೋಷಿಯೆಂದು ಸಾರಿದ ದಿನ ಅವನ ಮನೆಯವರು ನಿಟ್ಟುಸಿರು ಬಿಡುವುದು ಸಹಜ. ಆದರೆ ಸೆರೆಮನೆಯಲ್ಲಿ ಕಳೆದ ವರ್ಷಗಳು, ಕೈತಪ್ಪಿದ ನೌಕರಿ, ವಕೀಲರ ಶುಲ್ಕಕ್ಕಾಗಿ ಮಾರಿದ ಆಸ್ತಿ, ಅರ್ಧಕ್ಕೆ ನಿಂತ ಮಕ್ಕಳ ವಿದ್ಯಾಭ್ಯಾಸ, ನೆರೆಹೊರೆಯವರ ಸಂಶಯದ ನೋಟ ಇವುಗಳಿಗೆ ಹೊಣೆ ಯಾರು? ಈ ಪ್ರಶ್ನೆಗೆ ನಮ್ಮ ಶಾಸನಗಳು ಇನ್ನೂ ಸಮರ್ಪಕವಾದ ಉತ್ತರ ನೀಡಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 399ನೆಯ ಕಲಮಿನ ಪ್ರಕಾರ, ಆಧಾರವಿಲ್ಲದೆ ಒಬ್ಬನನ್ನು ಪೊಲೀಸರಿಂದ ಬಂಧಿಸುವಂತೆ ಮಾಡಿದವನು ಬಂಧಿತನಿಗೆ ಹೆಚ್ಚೆಂದರೆ ಒಂದು ಸಾವಿರ ರೂಪಾಯಿ ಕೊಡಬೇಕು. ಸಕಾರಣವಿಲ್ಲದ ಆರೋಪಕ್ಕೆ ಪರಿಹಾರ ಕೊಡಿಸುವ 273ನೆಯ ಕಲಮು ಕೂಡ ದೂರು ಕೊಟ್ಟವನನ್ನೇ ಹೊಣೆ ಮಾಡುತ್ತದೆ. ತಪ್ಪು ತನಿಖೆ ನಡೆಸಿದ ಸರ್ಕಾರದ ಮಾತು ಇವೆರಡರಲ್ಲಿಯೂ ಇಲ್ಲ.

ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿರುವುದು ಉಚ್ಚ ನ್ಯಾಯಾಲಯಗಳು ಹಾಗೂ ಸರ್ವೋಚ್ಚ ನ್ಯಾಯಾಲಯ. ಬಿಹಾರದ ರುದುಲ್ ಷಾ 1968ರಲ್ಲಿಯೇ ಖುಲಾಸೆಗೊಂಡಿದ್ದರೂ 1982ರವರೆಗೆ, ಅಂದರೆ ಹದಿನಾಲ್ಕು ವರ್ಷಗಳಷ್ಟು ಕಾಲ, ಸೆರೆಮನೆಯಲ್ಲೇ ಉಳಿಯಬೇಕಾಯಿತು. 1983ರಲ್ಲಿ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರ ಪೀಠವು ಆಗಲೇ ಸಂದಿದ್ದ ಐದು ಸಾವಿರದ ಜೊತೆಗೆ ಇನ್ನೂ 30,000 ರೂಪಾಯಿ ನೀಡುವಂತೆ ಬಿಹಾರ ಸರ್ಕಾರಕ್ಕೆ ಆದೇಶಿಸಿತು. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸರ್ಕಾರವೇ ಹಣ ತೆರಬೇಕೆಂಬ ತತ್ವವು ಈ ತೀರ್ಪಿನಿಂದ ನೆಲೆಗೊಂಡಿತು.

ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರ ಪ್ರಕರಣ ಎಲ್ಲರಿಗೂ ತಿಳಿದಿರುವಂಥದು. 1994ರಲ್ಲಿ ಗೂಢಚರ್ಯೆಯ ಆರೋಪದ ಮೇಲೆ ಕೇರಳ ಪೊಲೀಸರು ಅವರನ್ನು ಬಂಧಿಸಿದರು. ಅವರು ಐವತ್ತು ದಿನ ಬಂಧನದಲ್ಲಿದ್ದರು. ಆರೋಪ ನಿರಾಧಾರವೆಂದು ಸಿಬಿಐ 1996ರಲ್ಲಿ ವರದಿ ಸಲ್ಲಿಸಿತು. ಆದರೂ ಸರ್ವೋಚ್ಚ ನ್ಯಾಯಾಲಯವು 50 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿದ್ದು 2018ರ ಸೆಪ್ಟೆಂಬರಿನಲ್ಲಿ. ಅದೇ ಪ್ರಕರಣದಲ್ಲಿ ಆರೋಪಿಯಾಗಿದ್ದ ಬೆಂಗಳೂರಿನ ಒಬ್ಬರು ಆ ತೀರ್ಪು ಬಂದ ದಿನಗಳಲ್ಲಿಯೇ ಕೊನೆಯುಸಿರೆಳೆದರು.

ಎಲ್ಲರಿಗೂ ಇಷ್ಟಾದರೂ ದೊರೆಯುತ್ತದೆಂಬ ಭರವಸೆಯಿಲ್ಲ. ಅಕ್ಷರಧಾಮ ದಾಳಿಯ ಮೊಕದ್ದಮೆಯಲ್ಲಿ 2014ರಲ್ಲಿ ಖುಲಾಸೆಗೊಂಡವರು ಪರಿಹಾರ ಕೋರಿದಾಗ, ಅದು ಅಪಾಯಕಾರಿ ಮೇಲ್ಪಂಕ್ತಿಯಾದೀತೆಂಬ ಅಭಿಪ್ರಾಯದಿಂದ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ನಿರಾಕರಿಸಿತು. ಶಾಸನವಿಲ್ಲದ ಕಡೆ ಪರಿಹಾರವು ಹಕ್ಕಾಗದೆ ಅನುಗ್ರಹವಾಗಿಯೇ ಉಳಿಯುತ್ತದೆ.

ದೆಹಲಿ ಉಚ್ಚ ನ್ಯಾಯಾಲಯದ ಕೋರಿಕೆಯಂತೆ ಈ ವಿಷಯವನ್ನು ಪರಿಶೀಲಿಸಿದ ಕಾನೂನು ಆಯೋಗವು 2018ರ ಆಗಸ್ಟಿನಲ್ಲಿ ತನ್ನ 277ನೆಯ ವರದಿಯನ್ನು ಒಪ್ಪಿಸಿತು. ಇಂಥ ಅರ್ಜಿಗಳಿಗಾಗಿ ವಿಶೇಷ ನ್ಯಾಯಾಲಯಗಳು, ಮೃತನ ವಾರಸುದಾರರಿಗೂ ಅರ್ಜಿ ಸಲ್ಲಿಸುವ ಅವಕಾಶ, ಮಧ್ಯಂತರ ಪರಿಹಾರ ಇವು ಅದರ ಮುಖ್ಯ ಶಿಫಾರಸುಗಳು. ಹೊಸ ಸಂಹಿತೆಯಲ್ಲಿ ಇವುಗಳಿಗೆ ಸ್ಥಾನ ದೊರೆಯಲಿಲ್ಲ.

ಪ್ರತಿಯೊಂದು ಖುಲಾಸೆಗೂ ಹಣ ಕೊಟ್ಟರೆ ಪೊಲೀಸರು ತನಿಖೆಗೇ ಹಿಂಜರಿದಾರು ಎಂಬ ಆಕ್ಷೇಪವಿದೆ. ಸಂಶಯದ ಲಾಭದಿಂದ ಬಿಡುಗಡೆ ಹೊಂದುವುದೂ, ಕಟ್ಟುಕತೆಯ ಮೊಕದ್ದಮೆಗೆ ಬಲಿಯಾಗುವುದೂ ಒಂದೇ ಅಲ್ಲವೆಂಬುದು ನಿಜ. ಆಯೋಗವೂ ದುರುದ್ದೇಶದಿಂದ ಅಥವಾ ಸದ್ಭಾವನೆಯಿಲ್ಲದೆ ಹೂಡಿದ ಮೊಕದ್ದಮೆಗಳಿಗೆ ಮಾತ್ರ ಪರಿಹಾರವನ್ನು ಸೀಮಿತಗೊಳಿಸಿ, ಅದನ್ನು ರುಜುವಾತುಪಡಿಸುವ ಹೊಣೆಯನ್ನು ಅರ್ಜಿದಾರನ ಮೇಲೆಯೇ ಇರಿಸಿದೆ. ಜರ್ಮನಿಯಲ್ಲಿ ವಿಚಾರಣಾ ಬಂಧನದಲ್ಲಿದ್ದು ನಿರ್ದೋಷಿಯಾದವನಿಗೂ ದಿನವೊಂದಕ್ಕೆ ಇಷ್ಟೆಂದು ಪರಿಹಾರ ನೀಡುವ ಕಾಯಿದೆಯಿದೆ. ಅದರಿಂದ ಅಲ್ಲಿನ ತನಿಖೆಯೇನೂ ನಿಂತಿಲ್ಲ.

ಓದುಗರು ಒಂದು ಸಂಗತಿಯನ್ನು ನೆನಪಿಡುವುದು ಒಳಿತು. ದುರುದ್ದೇಶದ ಮೊಕದ್ದಮೆಗಾಗಿ ಸಿವಿಲ್ ದಾವೆ ಹೂಡಲು ಖುಲಾಸೆಯಾದ ದಿನದಿಂದ ಒಂದೇ ವರ್ಷದ ಕಾಲಮಿತಿಯಿದೆ. ಬಿಡುಗಡೆಯ ಸಂಭ್ರಮದಲ್ಲಿಯೋ ಬಳಲಿಕೆಯಲ್ಲಿಯೋ ಈ ಅವಧಿ ಮೀರಿದರೆ ಇರುವ ಬಾಗಿಲೂ ಮುಚ್ಚಿಹೋಗುತ್ತದೆ. ತೀರ್ಪಿನ ದೃಢೀಕೃತ ಪ್ರತಿಯನ್ನು ಪಡೆದು ವಕೀಲರ ಸಲಹೆಯನ್ನು ಕೂಡಲೇ ಕೇಳುವುದು ಲೇಸು.