ಡಬ್ಬದ ಮೇಲಿನ ಅಂಕಿ, ಆಷಾಢದ ಗಾಳಿ

ಮನೆಯ ಹಿಂದಿನ ಕೋಣೆಯಲ್ಲೊಂದು ಲೇಸರ್ ಕಟರ್ ಇಟ್ಟು ನಾಮಫಲಕ, ಶೀಲ್ಡು, ಮದುವೆ ಕಾರ್ಡು ಮಾಡಿಕೊಡುವ ಕಸುಬಿಗೆ ಈಗ ಬೆಂಗಳೂರೇ ಆಗಬೇಕೆಂದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರವೂ ಆದೀತು. ಆದರೆ ಯಂತ್ರವನ್ನು ಅಳೆದು ಸುರಿದು ಕೊಳ್ಳುವವರೂ ಹೊಗೆಯ ಮಾತು ಬಂದಾಗ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನೇ ಸಾಕು ಎಂದುಬಿಡುತ್ತಾರೆ. ಸಾಲದು. ಎಂಡಿಎಫ್ ಹಲಗೆ ಸುಟ್ಟರೆ ಅದರ ಅಂಟಿನಿಂದ ಫಾರ್ಮಾಲ್ಡಿಹೈಡ್ ಏಳುತ್ತದೆ. ಅಕ್ರಿಲಿಕ್ ಆವಿಯಾದರೆ ಮೂಗಿಗೆ ಘಾಟು, ಕಣ್ಣಿಗೆ ಉರಿ. ತೆಂಗಿನ ಸೀಮೆಯಲ್ಲವೇ, ಕರಟದ ಮೇಲೆ ಚಿತ್ರ ಕೆತ್ತುವ ಆಸೆಯೂ ಹುಟ್ಟೀತು. ಅದರ ಹೊಗೆಯ ಜಿಗುಟು ಮಸೂರಕ್ಕೂ ಪೈಪಿಗೂ ಮೆತ್ತಿಕೊಳ್ಳುತ್ತದೆ.

ಫ್ಯಾನಿನ ಡಬ್ಬದ ಮೇಲೆ ಗಂಟೆಗೆ ಇಷ್ಟು ಘನ ಮೀಟರ್ ಗಾಳಿ ಎಂದು ಅಚ್ಚಾಗಿರುತ್ತದಲ್ಲ, ಅದು ಎದುರಿಗೆ ಯಾವ ತಡೆಯೂ ಇಲ್ಲದಾಗಿನ ಅಳತೆ. ಗೋಡೆಯ ಕಿಂಡಿಯಲ್ಲಿ ಕೂತ ಫ್ಯಾನಿಗೆ ಅದು ಹೆಚ್ಚುಕಡಿಮೆ ನಿಜ; ಪೈಪಿನ ತುದಿಗೆ ಕಟ್ಟಿದ ಫ್ಯಾನಿಗೆ ಅಲ್ಲ. ಯಂತ್ರದ ಸಂದುಗಳೆಲ್ಲ ಸೇರಿ ಚದರ ಮೀಟರಿನ ಹತ್ತನೇ ಒಂದು ಭಾಗ ಎನ್ನೋಣ. ಅಲ್ಲಿ ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಒಳನುಗ್ಗಿದರೆ ಹೊಗೆ ಹೊರಗೆ ಇಣುಕದು. ಅದಕ್ಕೆ ಬೇಕಾದದ್ದು ಗಂಟೆಗೆ 180 ಘನ ಮೀಟರ್ ಗಾಳಿ. ದೊಡ್ಡ ಸಂಖ್ಯೆಯೇನಲ್ಲ. ಆದರೆ ಅಷ್ಟನ್ನು ಎರಡು ತಿರುವುಗಳಿರುವ, ಮೂರು ಮೀಟರ್ ಉದ್ದದ ನಾಲ್ಕಿಂಚಿನ ನಯವಾದ ಪೈಪಿನಲ್ಲಿ ಹಾಯಿಸಲು ಸುಮಾರು 75 ಪ್ಯಾಸ್ಕಲ್ ಒತ್ತಡ ಬೇಕು. ಆರಿಂಚಿನ ಪೈಪಾದರೆ ಸುಮಾರು 15 ಸಾಕು. ಸುಕ್ಕುಸುಕ್ಕಿನ ಅಲ್ಯೂಮಿನಿಯಂ ಪೈಪಿನಲ್ಲಿ ತಡೆ ಇನ್ನೂ ಹೆಚ್ಚು. ಅಡುಗೆಮನೆಯ ಪಂಖ ತಾಳುವ ಒತ್ತಡ ಕೆಲವೇ ಹತ್ತುಗಳಷ್ಟು ಪ್ಯಾಸ್ಕಲ್. ಅಲ್ಲಿಗೆ ರೆಕ್ಕೆ ತಿರುಗುತ್ತಿರುತ್ತದೆ, ಹೊಗೆ ಕದಲದು. ಆದ್ದರಿಂದ ಮೊದಲು ಪೈಪಿನ ದಾರಿ ಗೊತ್ತಾಗಬೇಕು, ಆಮೇಲೆ ಫ್ಯಾನು.

ನಮ್ಮ ಕಡೆ ಲೆಕ್ಕಕ್ಕೆ ಇನ್ನೊಂದು ಸೇರಿಸಬೇಕು. ಮುಂಗಾರಿನ ಗಾಳಿ ಬೀಸುವುದು ಪಡುವಣದಿಂದ. ತರೀಕೆರೆಯಲ್ಲಿ ಅದು ಮಳೆಯನ್ನೂ ಹೊತ್ತು ತಂದರೆ, ಘಟ್ಟದ ಮಳೆನೆರಳಿನ ಕಡೂರಿನಲ್ಲಿ ಬಹಳ ದಿನ ಬರೀ ಗಾಳಿಯೇ. ಗಂಟೆಗೆ 30 ಕಿ.ಮೀ. ವೇಗದ ಗಾಳಿ ನೇರವಾಗಿ ಪೈಪಿನ ಬಾಯಿಗೆ ಹೊಡೆದರೆ ಸುಮಾರು 40 ಪ್ಯಾಸ್ಕಲ್ ಎದುರೊತ್ತಡ. ಪಡುವಣ ಗೋಡೆಗೆ ಕಿಂಡಿ ಕೊರೆದವನ ಹೊಗೆ ಆಷಾಢದಲ್ಲಿ ಮನೆಗೇ ಮರಳುತ್ತದೆ. ಮೂಡಣ ಗೋಡೆಯೇ ಲೇಸು. ಬಾಯಿ ಕೆಳಮುಖವಾಗಿರಲಿ, ಪಕ್ಕದ ಮನೆಯ ಕಿಟಕಿಯಿಂದ ದೂರವಿರಲಿ.

ಹಾಗಾದರೆ ಬೇಕಾದದ್ದು ಇಷ್ಟು ಒತ್ತಡದ ಎದುರೂ ಗಾಳಿ ತಳ್ಳಬಲ್ಲ ಬ್ಲೋವರ್. ದುಬಾರಿ, ಸದ್ದು ಬೇರೆ ಎಂಬ ಆಕ್ಷೇಪ ಸುಳ್ಳಲ್ಲ. ಪೈಪು ಆರಿಂಚಿನದಾದರೆ ಬ್ಲೋವರನ್ನು ನಿಧಾನ ಓಡಿಸಬಹುದು, ಸದ್ದು ಇಳಿಯುತ್ತದೆ. ಅದನ್ನು ಹೊರಗೋಡೆಯ ತುದಿಗೇ ಕೂರಿಸಿದರೆ ಇನ್ನೊಂದು ಲಾಭ: ಮನೆಯೊಳಗಿನ ಪೈಪಿನಲ್ಲಿ ಸದಾ ಎಳೆತವಿರುವುದರಿಂದ ಕೀಲು ಬಿಟ್ಟರೂ ಹೊಗೆ ಸೋರದು. ಕಿಟಕಿ ತೆರೆದರೆ ಸಾಲದೇ ಎನ್ನುವವರಿಗೆ ಅರ್ಧ ಉತ್ತರ ಹೌದು: ಹೋದಷ್ಟು ಗಾಳಿ ಒಳಬರಬೇಕು, ಬಾಗಿಲು ಕಿಟಕಿ ಬಿಗಿದ ಕೋಣೆಯಲ್ಲಿ ಎಂಥ ಬ್ಲೋವರೂ ಉಸಿರುಗಟ್ಟುತ್ತದೆ. ಆದರೆ ಕಿಟಕಿಯೊಂದೇ ಇದ್ದರೆ ಹೊಗೆ ಕೋಣೆಯೆಲ್ಲ ಸುತ್ತಿ, ಕೆಲಸಗಾರನ ಮೂಗು ಹಾಯ್ದೇ ಹೊರಹೋಗಬೇಕು. ಜೋಡಣೆ ಸರಿಯಾಗಿದೆಯೇ ಎಂದು ನೋಡಲು ಊದುಬತ್ತಿ ಸಾಕು, ಯಂತ್ರದ ಪ್ರತಿ ಸಂದಿನಲ್ಲೂ ಅದರ ಹೊಗೆ ಒಳಕ್ಕೆ ಹೋಗಬೇಕು. ಇಷ್ಟಾದರೂ ರೆಕ್ಸಿನ್, ಪಿವಿಸಿ ಹಾಳೆಗಳನ್ನು ಲೇಸರಿಗೆ ಕೊಡಕೂಡದು. ಅವುಗಳಿಂದ ಹೈಡ್ರೋಜನ್ ಕ್ಲೋರೈಡ್ ಏಳುತ್ತದೆ. ತೇವ ತಾಗಿದರೆ ಅದೇ ಆಮ್ಲ. ಫ್ಯಾನು ಅದನ್ನು ಹೊರಗೆ ತಳ್ಳುವ ಮೊದಲೇ ಯಂತ್ರದ ಹಳಿಗಳು ತುಕ್ಕು ಹಿಡಿಯತೊಡಗುತ್ತವೆ.