ಜನಗಣತಿಯ ಉದ್ಯೋಗ ಕೋಷ್ಟಕಗಳು ವರ್ತಕರಿಗೆ ಏನನ್ನು ಹೇಳುತ್ತವೆ?
ನಾರಾಯಣಪುರ ಪರಿಸರವನ್ನು ಆಧರಿಸಿದ ಒಂದು ವಿವೇಚನೆ

ಹೊಸ ಅಂಗಡಿ, ಗಿರಣಿ ಅಥವಾ ದುರಸ್ತಿ ಘಟಕವನ್ನು ಆರಂಭಿಸುವ ಮುನ್ನ ನಮ್ಮ ವರ್ತಕ ಬಾಂಧವರು ಸಾಮಾನ್ಯವಾಗಿ ಜಾಗ, ಬಂಡವಾಳ ಮತ್ತು ಬ್ಯಾಂಕ್ ಸಾಲದ ಬಗ್ಗೆ ಆಳವಾಗಿ ಯೋಚಿಸುತ್ತಾರೆ. ಆದರೆ ಸುತ್ತಲಿನ ಹಳ್ಳಿಗಳ ಜನರು ಯಾವ ದುಡಿಮೆಯಿಂದ ಬದುಕುತ್ತಾರೆ, ಅವರ ಕೈಗೆ ಹಣ ಯಾವ ತಿಂಗಳಲ್ಲಿ ಬರುತ್ತದೆ ಎಂಬ ಪ್ರಶ್ನೆಗೆ ಅನುಭವದ ಅಂದಾಜೇ ಆಧಾರವಾಗಿರುತ್ತದೆ. ಈ ಅಂದಾಜನ್ನು ಒರೆಗೆ ಹಚ್ಚಲು ಖರ್ಚಿಲ್ಲದ ಸಾಧನವೊಂದಿದೆ. ಅದೇ ಭಾರತ ಜನಗಣತಿಯ ಉದ್ಯೋಗ ಕೋಷ್ಟಕಗಳು.

ನಾಲ್ಕು ವರ್ಗಗಳು

ಗಣತಿಯು ದುಡಿಯುವವರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತದೆ: ಸಾಗುವಳಿದಾರರು, ಕೃಷಿ ಕಾರ್ಮಿಕರು, ಗೃಹ ಕೈಗಾರಿಕೆಯಲ್ಲಿ ತೊಡಗಿರುವವರು ಮತ್ತು ಇತರೆ ಕೆಲಸಗಾರರು. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ಕಾಲ ದುಡಿದವರು ಮುಖ್ಯ ಕೆಲಸಗಾರರು. ಅದಕ್ಕಿಂತ ಕಡಿಮೆ ದುಡಿದವರು ಅಲ್ಪಾವಧಿ ಕೆಲಸಗಾರರು. 2011ರ ಗಣತಿಯಲ್ಲಿ ಅಲ್ಪಾವಧಿಯವರನ್ನು ಮೂರರಿಂದ ಆರು ತಿಂಗಳು ದುಡಿದವರು ಮತ್ತು ಮೂರು ತಿಂಗಳಿಗೂ ಕಡಿಮೆ ದುಡಿದವರು ಎಂದು ಪ್ರತ್ಯೇಕಿಸಲಾಯಿತು. ಈ ವಿವರ ಪ್ರತಿಯೊಂದು ಗ್ರಾಮಕ್ಕೂ ಲಭ್ಯವಿದೆ.

ಇಡೀ ದೇಶದಲ್ಲಿ 2001ರಲ್ಲಿ 12.73 ಕೋಟಿಯಷ್ಟಿದ್ದ ಸಾಗುವಳಿದಾರರು 2011ರಲ್ಲಿ 11.88 ಕೋಟಿಗೆ ಇಳಿದರು. ಅದೇ ಅವಧಿಯಲ್ಲಿ ಕೃಷಿ ಕಾರ್ಮಿಕರು 10.68 ಕೋಟಿಯಿಂದ 14.43 ಕೋಟಿಗೆ ಏರಿದರು. ವ್ಯಾಪಾರಿಗೆ ಇದರ ಅರ್ಥ ಸ್ಪಷ್ಟ. ಸಾಗುವಳಿದಾರನು ಬೀಜ, ಗೊಬ್ಬರ, ಪಂಪ್‌ಸೆಟ್ ಕೊಂಡು ಸುಗ್ಗಿಯ ನಂತರ ಬಾಕಿ ತೀರಿಸುತ್ತಾನೆ. ಕೂಲಿಕಾರನು ದಿನಸಿಯನ್ನು ಸಣ್ಣ ಪ್ರಮಾಣದಲ್ಲಿ, ಪದೇ ಪದೇ ಕೊಳ್ಳುತ್ತಾನೆ. ಇಬ್ಬರಿಗೂ ಒಂದೇ ಬಗೆಯ ದಾಸ್ತಾನು, ಒಂದೇ ಬಗೆಯ ಉದ್ರಿ ಹೊಂದುವುದಿಲ್ಲ.

ನಾರಾಯಣಪುರಕ್ಕೆ ಅನ್ವಯಿಸಿದಾಗ

ನಾರಾಯಣಪುರವು ಕೃಷ್ಣಾ ನದಿಯ ಬಸವಸಾಗರ ಜಲಾಶಯದ ಊರು. ಇಲ್ಲಿಂದ ಹೊರಡುವ ಎಡದಂಡೆ ಕಾಲುವೆಯು ಸುರಪುರ, ಶಹಾಪುರ ಭಾಗಗಳಿಗೂ ಬಲದಂಡೆ ಕಾಲುವೆಯು ರಾಯಚೂರು ಜಿಲ್ಲೆಯ ಲಿಂಗಸೂಗೂರು, ದೇವದುರ್ಗ ಭಾಗಗಳಿಗೂ ನೀರುಣಿಸುತ್ತವೆ. ನೀರು ತಲುಪಿದ ಹಳ್ಳಿಯಲ್ಲಿ ಭತ್ತ, ತಲುಪದ ಹಳ್ಳಿಯಲ್ಲಿ ತೊಗರಿ, ಹತ್ತಿ ಮುಂತಾದ ಮಳೆಯಾಶ್ರಿತ ಬೆಳೆ. ಹೀಗಾಗಿ ಒಂದೇ ತಾಲ್ಲೂಕಿನ ಎರಡು ಹಳ್ಳಿಗಳ ದುಡಿಮೆಯ ಚಿತ್ರ ಬೇರೆ ಬೇರೆಯಾಗಿರುತ್ತದೆ. ತಾಲ್ಲೂಕಿನ ಸರಾಸರಿಯನ್ನು ನಂಬಿದವರು ಎಡವುತ್ತಾರೆ. ಗ್ರಾಮವಾರು ಅಂಕಿಗಳನ್ನೇ ನೋಡಬೇಕು.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ತಲಾ 1,000 ಕೆಲಸಗಾರರಿರುವ ಎರಡು ಹಳ್ಳಿಗಳಲ್ಲಿ ಒಂದರಲ್ಲಿ ಅಲ್ಪಾವಧಿಯವರು 100, ಇನ್ನೊಂದರಲ್ಲಿ 400 ಎಂದಿರಲಿ. ಜನಸಂಖ್ಯೆ ಸಮನಾಗಿದ್ದರೂ ಎರಡನೆಯ ಹಳ್ಳಿಯಲ್ಲಿ ವರ್ಷವಿಡೀ ಏಕರೂಪದ ಖರೀದಿ ಇರಲಾರದು. ಆದರೆ ಅಲ್ಲಿ ಕೆಲಸ ಅರಸುವ ಕೈಗಳು ಹೆಚ್ಚು. ಅಂಗಡಿಗೆ ಮೊದಲ ಹಳ್ಳಿ, ಕಾರ್ಮಿಕರನ್ನು ಅವಲಂಬಿಸಿದ ಸಣ್ಣ ಘಟಕಕ್ಕೆ ಎರಡನೆಯ ಹಳ್ಳಿ ಸೂಕ್ತವೆನಿಸಬಹುದು. ಅಂತಿಮ ನಿರ್ಧಾರಕ್ಕೆ ಮುನ್ನ ಸ್ಥಳಕ್ಕೆ ಹೋಗಿ ವಿಚಾರಿಸುವುದು ಅನಿವಾರ್ಯ.

ಉದ್ಯಮ ಬೇರೆ, ವೃತ್ತಿ ಬೇರೆ

ಕೆಲಸ ಮಾಡುವ ಸಂಸ್ಥೆ ಯಾವುದನ್ನು ಉತ್ಪಾದಿಸುತ್ತದೆ ಎಂಬುದು ಉದ್ಯಮ. ವ್ಯಕ್ತಿಯು ಸ್ವತಃ ಮಾಡುವ ಕೆಲಸ ವೃತ್ತಿ. ಅಕ್ಕಿ ಗಿರಣಿಯ ಲಾರಿ ಚಾಲಕನ ಉದ್ಯಮ ಆಹಾರ ತಯಾರಿಕೆ, ವೃತ್ತಿ ವಾಹನ ಚಾಲನೆ. ಇವುಗಳಿಗೆ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣ ಮತ್ತು ರಾಷ್ಟ್ರೀಯ ವೃತ್ತಿ ವರ್ಗೀಕರಣ ಎಂಬ ಎರಡು ಪ್ರತ್ಯೇಕ ಸಂಕೇತ ಪಟ್ಟಿಗಳಿವೆ. ಮಾರುಕಟ್ಟೆಯ ಸ್ವರೂಪ ತಿಳಿಯಲು ಮೊದಲನೆಯದು, ಕುಶಲ ಕೆಲಸಗಾರರ ಲಭ್ಯತೆ ತಿಳಿಯಲು ಎರಡನೆಯದು ಉಪಯುಕ್ತ. ಈ ಸೂಕ್ಷ್ಮ ವಿವರ ಜಿಲ್ಲಾ ಮಟ್ಟದವರೆಗೆ ಮಾತ್ರ ದೊರೆಯುತ್ತದೆ.

ಶೀರ್ಷಿಕೆಗಳನ್ನು ಮಾತ್ರ ನೋಡಿ ತೀರ್ಮಾನಿಸುವುದು ಅಪಾಯ. 2008ರ ಕೈಗಾರಿಕಾ ವರ್ಗೀಕರಣದಲ್ಲಿ ಅಕ್ಕಿ ಮತ್ತು ಬೇಳೆ ಗಿರಣಿಗಳು ತಯಾರಿಕೆಯ ಅಡಿಯಲ್ಲಿವೆ. ಹತ್ತಿ ಜಿನ್ನಿಂಗ್ ಮಾತ್ರ ಕೃಷಿ ಪೂರಕ ಚಟುವಟಿಕೆಗಳ ಅಡಿಯಲ್ಲಿದೆ. ತಯಾರಿಕೆಯ ಸಾಲನ್ನಷ್ಟೇ ಓದಿದವರಿಗೆ ಜಿನ್ನಿಂಗ್ ಕಾರ್ಮಿಕರು ಕಾಣಿಸುವುದೇ ಇಲ್ಲ. ಗೃಹ ಕೈಗಾರಿಕೆಯ ವಿಷಯವೂ ಹೀಗೆಯೇ. ಕುಟುಂಬದವರು ತಯಾರಿಸಿ ಮಾರಿದರೆ ಅದು ಗೃಹ ಕೈಗಾರಿಕೆ. ತಂದು ಮಾರುವ ಕಿರಾಣಿ ಅಂಗಡಿಯವರು ಇತರೆ ಕೆಲಸಗಾರರು. ಹಳ್ಳಿಯಲ್ಲಾದರೆ ಊರಿನೊಳಗೆ ಎಲ್ಲಿ ನಡೆಸಿದರೂ ಅದು ಗೃಹ ಕೈಗಾರಿಕೆಯೇ; ಪಟ್ಟಣದಲ್ಲಾದರೆ ಮನೆಯ ಆವರಣದೊಳಗೇ ನಡೆಯಬೇಕು. ಆದ್ದರಿಂದ ಹಳ್ಳಿಯು ಪಟ್ಟಣವೆಂದು ಘೋಷಿತವಾದರೆ, ಯಾರೂ ಕಸುಬು ಬದಲಿಸದಿದ್ದರೂ ಅಂಕಿ ಬದಲಾಗಬಹುದು.

ವಹಿಸಬೇಕಾದ ಎಚ್ಚರ

ಮೊದಲನೆಯದು ಗಡಿಗಳ ವಿಷಯ. ಯಾದಗಿರಿ ಜಿಲ್ಲೆ ರಚನೆಯಾದದ್ದು 2009ರ ಡಿಸೆಂಬರ್‌ನಲ್ಲಿ. ಆದ್ದರಿಂದ 2001ರ ಅಂಕಿಗಳು ಗುಲ್ಬರ್ಗಾ ಜಿಲ್ಲೆಯ ಪುಸ್ತಕದಲ್ಲಿವೆ. 2011ರಲ್ಲಿ 11,74,271 ಜನಸಂಖ್ಯೆಯ ಈ ಜಿಲ್ಲೆಗೆ ಇದ್ದದ್ದು ಮೂರೇ ತಾಲ್ಲೂಕುಗಳು: ಯಾದಗಿರಿ, ಶಹಾಪುರ ಮತ್ತು ಸುರಪುರ. ಸುರಪುರವನ್ನು ಪುಸ್ತಕದಲ್ಲಿ ಶೋರಾಪುರ ಎಂಬ ಹೆಸರಿನಲ್ಲಿ ಹುಡುಕಬೇಕು. ಹುಣಸಗಿ, ವಡಗೇರಾ, ಗುರುಮಠಕಲ್ ತಾಲ್ಲೂಕುಗಳು ಆನಂತರ ರಚನೆಯಾದವು. ಹೋಲಿಕೆ ಮಾಡುವವರು ಗ್ರಾಮಗಳ ಅಂಕಿಗಳನ್ನು ತಾವೇ ಒಟ್ಟುಗೂಡಿಸಬೇಕು. ಜಿಲ್ಲೆಯಾಚೆಯ ಗಿರಾಕಿಗಳಿಗಾಗಿ ರಾಯಚೂರು ಮತ್ತು ವಿಜಯಪುರ ಜಿಲ್ಲೆಗಳ ಪುಸ್ತಕಗಳನ್ನೂ ನೋಡಬೇಕು.

ಎರಡನೆಯದು ಗುಳೆ. 2011ರ ಎಣಿಕೆ ಫೆಬ್ರವರಿ 9ರಿಂದ 28ರವರೆಗೆ ನಡೆಯಿತು. ಆ ಅವಧಿಯುದ್ದಕ್ಕೂ ಊರಿನಲ್ಲಿ ಇಲ್ಲದವರು ಅಲ್ಲಿ ಎಣಿಕೆಯಾಗುವುದಿಲ್ಲ. ಕಟ್ಟಡ ಕೆಲಸಕ್ಕೆಂದು ಬೆಂಗಳೂರು, ಮುಂಬಯಿ ಕಡೆಗೆ ಹೋದ ಕುಟುಂಬಗಳು ಮುಂಗಾರಿನ ಹೊತ್ತಿಗೆ ಮರಳುತ್ತವೆ. ಅಂಗಡಿಯ ನಿಜವಾದ ಗಿರಾಕಿಗಳ ಸಂಖ್ಯೆ ಪುಸ್ತಕದ ಅಂಕಿಗಿಂತ ಆಗ ಹೆಚ್ಚಿರುತ್ತದೆ.

ಮೂರನೆಯದು ಕಾಲ. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. ಮುಂದಿನ ಗಣತಿಯ ಉಲ್ಲೇಖ ದಿನಾಂಕವನ್ನು 2027ರ ಮಾರ್ಚ್ 1 ಎಂದು 2025ರ ಜೂನ್ 16ರ ಅಧಿಸೂಚನೆ ನಿಗದಿಪಡಿಸಿದೆ. 2011ರ ಅಂಕಿಗಳನ್ನು ಬಳಸುವವರು ಅವುಗಳನ್ನು ಬುನಾದಿಯೆಂದು ಭಾವಿಸಿ, ಪಂಚಾಯಿತಿ ಮತ್ತು ಎಪಿಎಂಸಿಯ ಇತ್ತೀಚಿನ ದಾಖಲೆಗಳೊಂದಿಗೆ ತಾಳೆ ನೋಡಬೇಕು.

ನಮ್ಮ ಹೊಣೆ

ಕೋಷ್ಟಕವು ನಾವು ನೀಡುವ ಉತ್ತರದಷ್ಟೇ ನಿಖರ. ಗಣತಿದಾರರು ಬಂದಾಗ ಅಂಗಡಿಯ ಗಲ್ಲೆಯಲ್ಲಿ ಕೂರುವ, ಹಪ್ಪಳ, ಶಾವಿಗೆ ಮಾಡಿ ಮಾರುವ ಮನೆಯ ಹೆಣ್ಣುಮಕ್ಕಳನ್ನು 'ಮನೆಗೆಲಸ' ಎಂದಷ್ಟೇ ಬರೆಸಿದರೆ, ಆ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. 'ವ್ಯಾಪಾರ', 'ಕಂಪನಿ ಕೆಲಸ' ಎಂಬ ಒಂದು ಪದದ ಉತ್ತರವೂ ನಿರುಪಯುಕ್ತ. ಯಾವ ವಸ್ತುವಿನ ವ್ಯಾಪಾರ, ಎಂಥ ಕೆಲಸ ಎಂದು ಬಿಡಿಸಿ ಹೇಳಬೇಕು. ಹೀಗೆ ಬರೆಸಿದ ಅಂಕಿಗಳೇ ಮುಂದೆ ಅನೇಕ ವರ್ಷಗಳವರೆಗೆ ರಸ್ತೆ, ತರಬೇತಿ ಕೇಂದ್ರ, ಕೈಗಾರಿಕಾ ಪ್ರದೇಶಗಳ ಬೇಡಿಕೆಗೆ ಆಧಾರವಾಗುತ್ತವೆ. ಆದುದರಿಂದ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಜಿಲ್ಲಾ ಗಣತಿ ಕೈಪಿಡಿಯನ್ನು ಒಮ್ಮೆ ತೆರೆದು ತಮ್ಮ ಸುತ್ತಲಿನ ಹತ್ತು ಹಳ್ಳಿಗಳ ಸಾಲುಗಳನ್ನಾದರೂ ಓದಬೇಕು. ತಮ್ಮ ಮನೆಯ ಉತ್ತರವನ್ನೂ ಅಷ್ಟೇ ಜತನದಿಂದ ಬರೆಸಬೇಕು.