ಸೌದೆ ಸೀಳುವ ಯಂತ್ರಕ್ಕೆ ಹೈಡ್ರಾಲಿಕ್ ವ್ಯವಸ್ಥೆ: ಲೆಕ್ಕ ಮೊದಲು, ಖರೀದಿ ಆಮೇಲೆ

ಮಲೆನಾಡಿನಲ್ಲಿ ಅಡಿಕೆ ಬೇಯಿಸಲು, ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡಲು ಸೌದೆ ಬೇಕು. ಹಸಿ ಸೌದೆಯನ್ನು ಉರಿಸಿದರೆ ಅದರೊಳಗಿನ ನೀರನ್ನು ಆವಿ ಮಾಡುವುದರಲ್ಲೇ ಶಾಖದ ಒಂದು ಪಾಲು ವ್ಯರ್ಥವಾಗುತ್ತದೆ. ಕೊರಡನ್ನು ಬೇಸಿಗೆಯಲ್ಲೇ ಸೀಳಿಟ್ಟರೆ ಮಳೆಗಾಲಕ್ಕೆ ಮುಂಚೆ ಚೆನ್ನಾಗಿ ಒಣಗುತ್ತದೆ. ಇದಕ್ಕೆ ಟ್ರಾಕ್ಟರಿನಿಂದ ನಡೆಯುವ ಯಂತ್ರವನ್ನು ಊರಿನ ವರ್ಕ್‌ಶಾಪಿನಲ್ಲೇ ಮಾಡಿಸಿಕೊಳ್ಳಬಹುದು. ಆದರೆ ಸಿಕ್ಕಿದ ಹಳೆಯ ಪಂಪು, ಸಿಲಿಂಡರುಗಳನ್ನು ತಂದು ಜೋಡಿಸುವುದು ಸರಿಯಲ್ಲ. ಕೊರಡಿನಿಂದ ಆರಂಭಿಸಿ ಎಂಜಿನ್ನಿನವರೆಗೆ ಲೆಕ್ಕ ಹಾಕಬೇಕು.

ಬಲ ಕೊಡುವುದು ಸಿಲಿಂಡರು

ಎಣ್ಣೆಯ ಒತ್ತಡವನ್ನು ಪಿಸ್ಟನ್ನಿನ ವಿಸ್ತೀರ್ಣದಿಂದ ಗುಣಿಸಿದರೆ ಬಲ ದೊರೆಯುತ್ತದೆ. 100 ಮಿ.ಮೀ. ಒಳವ್ಯಾಸದ ಸಿಲಿಂಡರಿನ ವಿಸ್ತೀರ್ಣ 78.5 ಚದರ ಸೆಂ.ಮೀ. ಒತ್ತಡವು ಚದರ ಸೆಂ.ಮೀ.ಗೆ 150 ಕಿ.ಗ್ರಾಂ. ಇದ್ದರೆ ಬಲ ಸುಮಾರು 11.8 ಟನ್. ಹೆಚ್ಚು ಗಂಟಿಲ್ಲದ ಸಾಧಾರಣ ದಪ್ಪದ ಕೊರಡುಗಳಿಗೆ ಇಷ್ಟು ಸಾಕು. ಗಂಟು ಹೆಚ್ಚಿದ್ದರೆ ಒತ್ತಡವನ್ನು ಏರಿಸಬಾರದು. ದೊಡ್ಡ ಸಿಲಿಂಡರನ್ನು ಆರಿಸಬೇಕು.

ವೇಗ ಕೊಡುವುದು ಪಂಪು

ಪ್ರತಿ ಸುತ್ತಿಗೆ 20 ಘನ ಸೆಂ.ಮೀ. ಎಣ್ಣೆ ತಳ್ಳುವ ಗೇರ್ ಪಂಪು ನಿಮಿಷಕ್ಕೆ 1500 ಸುತ್ತು ತಿರುಗಿದರೆ 30 ಲೀಟರ್ ಕೊಡುತ್ತದೆ. ಆಗ ಮೇಲಿನ ಸಿಲಿಂಡರು 60 ಸೆಂ.ಮೀ. ಮುಂದೆ ಚಲಿಸಲು ಸುಮಾರು 9.5 ಸೆಕೆಂಡು ಸಾಕು. ಟ್ರಾಕ್ಟರಿನ ಪಿ.ಟಿ.ಓ. ವೇಗ 540 ಸುತ್ತು ಇರುವುದರಿಂದ, ಅದನ್ನು ಗೇರ್ ಪೆಟ್ಟಿಗೆಯ ಮೂಲಕ ಸುಮಾರು 2.8 ಪಟ್ಟು ಹೆಚ್ಚಿಸಬೇಕು.

ಎಷ್ಟು ಅಶ್ವಶಕ್ತಿ?

ಒತ್ತಡವನ್ನು ನಿಮಿಷಕ್ಕೆ ಹರಿಯುವ ಲೀಟರುಗಳಿಂದ ಗುಣಿಸಿ 450 ರಿಂದ ಭಾಗಿಸಿ. ಇಲ್ಲಿ 10 ಅಶ್ವಶಕ್ತಿ ಬರುತ್ತದೆ. ಪಂಪಿನಲ್ಲಾಗುವ ನಷ್ಟವನ್ನು ಸೇರಿಸಿದರೆ 12 ಬೇಕು. ಐದು ಅಶ್ವಶಕ್ತಿಯ ವಿದ್ಯುತ್ ಮೋಟಾರೇ ಇದ್ದರೂ ಚಿಂತೆಯಿಲ್ಲ. ನಿಮಿಷಕ್ಕೆ 12 ಲೀಟರಿನ ಪಂಪು ಹಾಕಿದರೆ ಬಲ ಅಷ್ಟೇ ಇರುತ್ತದೆ; ಕೆಲಸ ಮಾತ್ರ ನಿಧಾನವಾಗಿ, 60 ಸೆಂ.ಮೀ.ಗೆ ಸುಮಾರು 24 ಸೆಕೆಂಡು ಹಿಡಿಯುತ್ತದೆ.

ಪೈಪು ಮತ್ತು ತೊಟ್ಟಿ

30 ಲೀಟರಿನ ಪಂಪಿಗೆ ಎಣ್ಣೆ ಹೀರುವ ಪೈಪು 25 ಮಿ.ಮೀ., ಒತ್ತಡದ ಪೈಪು 12 ಮಿ.ಮೀ. ಒಳವ್ಯಾಸವಿರಲಿ. ಹೀರುವ ಪೈಪು ಕಿರಿದಾದರೆ ಪಂಪು ಸದ್ದು ಮಾಡಿ ಬೇಗ ಸವೆಯುತ್ತದೆ. ಹಿಂದಿರುಗುವ ಪೈಪಿನ ವಿಷಯದಲ್ಲಿ ಎಚ್ಚರ ಅಗತ್ಯ. ಪಿಸ್ಟನ್ ದಂಡ 50 ಮಿ.ಮೀ. ಇದ್ದರೆ, ಪಿಸ್ಟನ್ ಹಿಂದೆ ಸರಿಯುವಾಗ 30 ಲೀಟರ್ ಒಳಹೋಗಿ 40 ಲೀಟರ್ ಹೊರಬರುತ್ತದೆ. ಆದ್ದರಿಂದ ಈ ಪೈಪು 20 ಮಿ.ಮೀ. ಇರಬೇಕು, ಫಿಲ್ಟರನ್ನೂ 40 ಲೀಟರಿಗೇ ಕೊಳ್ಳಬೇಕು. ತೊಟ್ಟಿಯಲ್ಲಿ 60 ರಿಂದ 90 ಲೀಟರ್ ಎಣ್ಣೆ ಹಿಡಿಯಬೇಕು. ನಮ್ಮ ಬೇಸಿಗೆಗೆ 68ನೇ ದರ್ಜೆಯ ಹೈಡ್ರಾಲಿಕ್ ಎಣ್ಣೆ ಸೂಕ್ತ.

ಪ್ರಾಣ ಉಳಿಸುವ ಕವಾಟ

ಕೊರಡು ಒಡೆಯದೆ ಪಿಸ್ಟನ್ ನಿಂತರೂ ಪಂಪು ಎಣ್ಣೆಯನ್ನು ತಳ್ಳುತ್ತಲೇ ಇರುತ್ತದೆ. ಒತ್ತಡ 150 ಮುಟ್ಟಿದೊಡನೆ ಎಣ್ಣೆಯನ್ನು ತೊಟ್ಟಿಗೆ ಬಿಡುವ ರಿಲೀಫ್ ವಾಲ್ವು ಇಲ್ಲದಿದ್ದರೆ ಪೈಪು ಸಿಡಿಯಬಹುದು, ಇಲ್ಲವೇ ಪಂಪು ಒಡೆಯಬಹುದು. ಇದನ್ನು ಪಂಪಿನ ಪಕ್ಕದಲ್ಲೇ ಕೂರಿಸಬೇಕು. ನಡುವೆ ಯಾವ ನಲ್ಲಿಯೂ ಇರಕೂಡದು. ಒತ್ತಡದ ಮಾಪಕದಲ್ಲಿ ನೋಡಿಯೇ ವಾಲ್ವನ್ನು ಹೊಂದಿಸಬೇಕು.

ಕೈಬಿಟ್ಟೊಡನೆ ಪಿಸ್ಟನ್ ನಿಲ್ಲುವಂತಹ ಹಿಡಿಕೆಯನ್ನೇ ಅಳವಡಿಸಿ. ಯಂತ್ರ ನಡೆಸುವವನ ಎರಡು ಕೈಗಳೂ ಹಿಡಿಕೆಗಳ ಮೇಲಿರುವಂತೆ ಮಾಡುವುದು ಇನ್ನೂ ಒಳ್ಳೆಯದು. ಒಬ್ಬರು ಕೊರಡು ಹಿಡಿದು ಮತ್ತೊಬ್ಬರು ಹಿಡಿಕೆ ಒತ್ತುವ ಪದ್ಧತಿ ಬೇಡ. ಬೆರಳು ಹೋಗುವುದು ಹೀಗೆಯೇ.

ಎಣ್ಣೆ ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ, ರಟ್ಟಿನ ತುಂಡನ್ನು ಬಳಸಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ, ನೋವಿಲ್ಲದಿದ್ದರೂ ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಎಣ್ಣೆ ಹೊಕ್ಕಿದೆಯೆಂದು ತಿಳಿಸಬೇಕು. ತಡವಾದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು.

ರೈತಬಾಂಧವರು ಮೇಲಿನ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ವರ್ಕ್‌ಶಾಪಿಗೆ ಹೋಗುವುದು ಲೇಸು. ಹಣ ಉಳಿಸುವುದಾದರೆ ಪಂಪಿನ ಗಾತ್ರದಲ್ಲಿ ಉಳಿಸಿ, ರಿಲೀಫ್ ವಾಲ್ವಿನಲ್ಲಿ ಬೇಡ.